ಧಣಿ ಒಳ್ಳೆಯವರಾದರೆ ಒಕ್ಕಲು ಸ್ವತಂತ್ರನೇ?

ಕೊಡವೂರಿನ ಓದುಗ:
ನಮ್ಮ ದೊಡ್ಡಪ್ಪ ಮೊನ್ನೆ ಆಡಿದ ಒಂದು ಮಾತನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ. ಅವರು ಗುತ್ತಿನ, ಅಂದರೆ ಊರಿನ ಭೂಮಾಲೀಕ ಮನೆತನದ, ಗದ್ದೆಯನ್ನು ಗೇಣಿಗೆ ಹಿಡಿದು ಉಳುತ್ತಿದ್ದ ಒಕ್ಕಲು. "ನಾವು ಗುತ್ತಿನವರ ಒಕ್ಕಲಾಗಿದ್ದಾಗ ಯಾರ ಕಿರಿಕಿರಿಯೂ ಇರಲಿಲ್ಲ. ಧಣಿಗಳು ಒಂದು ದಿನ ಗದರಿದವರಲ್ಲ. ಗೇಣಿ ಅಕ್ಕಿ ಅಳೆದು ಕೊಟ್ಟರೆ ಮತ್ತೆ ನಾವು ನಮ್ಮಷ್ಟಕ್ಕೆ. ಸ್ವಾತಂತ್ರ್ಯಕ್ಕೆ ಇನ್ನೆಂತ ಬೇಕು?"

ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ ಇದು. ಚಿಂತಕ ಐಸಯಾ ಬರ್ಲಿನ್ 1958ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಉಪನ್ಯಾಸದಲ್ಲಿಯೂ ಹೆಚ್ಚುಕಡಿಮೆ ಇದೇ ವಾದ ಉಂಟು. ಇನ್ನೊಬ್ಬ ಬಂದು ಅಡ್ಡಗಟ್ಟದಿದ್ದರೆ ಅಷ್ಟರ ಮಟ್ಟಿಗೆ ನಾನು ಸ್ವತಂತ್ರ, ಉದಾರಿಯಾದ ಸರ್ವಾಧಿಕಾರಿಯ ಕೈಕೆಳಗೂ ಅದು ಸಾಕಷ್ಟು ಸಿಗಬಹುದು ಎಂದು. ಫಿಲಿಪ್ ಪೆಟಿಟ್, ಕ್ವೆಂಟಿನ್ ಸ್ಕಿನ್ನರ್ ಮುಂತಾದ ಚಿಂತಕರು ಇದನ್ನು ಒಪ್ಪುವುದಿಲ್ಲ. ಯಜಮಾನ ಚಾಟಿ ಎತ್ತದೇ ಇರಬಹುದು, ಆದರೆ ಎತ್ತುವುದೋ ಬಿಡುವುದೋ ಅವನ ಮರ್ಜಿಗೆ ಬಿಟ್ಟದ್ದಾದರೆ ಗುಲಾಮ ಗುಲಾಮನೇ ಎಂಬುದು ಅವರ ನಿಲುವು. ನಾನು ಇವರ ಕಡೆ. ಆದರೆ ಅಲ್ಲಿಂದ ಮುಂದೆ ನನಗೆ ದಾರಿ ಕಾಣುತ್ತಿಲ್ಲ. ಸ್ವಾತಂತ್ರ್ಯ ಎಂಬುದು ಯಜಮಾನಿಕೆಯನ್ನು ಎದುರಿಸಿದ ಮೇಲೆ ಸಿಗುವ ಫಲವೋ, ಅಥವಾ ಎದುರಿಸುವುದೇ ಸ್ವಾತಂತ್ರ್ಯವೋ?

ಮುಡಿಪಿನ ಮೇಷ್ಟ್ರು:
ನಿಮ್ಮ ದೊಡ್ಡಪ್ಪನವರ ಪರವಾಗಿ ನಾನು ಮಾತಾಡುತ್ತೇನೆ. ಮಳೆಗಾಲದ ಆಟಿ ತಿಂಗಳಲ್ಲಿ ಒಕ್ಕಲಿನ ಮನೆಯಲ್ಲಿ ಅಕ್ಕಿ ಮುಗಿದರೆ ಧಣಿಯ ಮನೆಯ ಅಕ್ಕಿಮುಡಿ ಬಿಚ್ಚುತ್ತಿದ್ದರು. ಮಗಳ ಮದುವೆಗೆ ತೆಂಗಿನಕಾಯಿ, ಸೌದೆ ಅಲ್ಲಿಂದಲೇ ಹೋಗುತ್ತಿತ್ತು. ಇವತ್ತು ಸಾಲದ ಕಂತು ತಪ್ಪಿದರೆ ಬರುವ ನೋಟಿಸಿಗೆ ಮುಖವೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಹೀಗಿರುವಾಗ ಯಾವುದನ್ನು ಯಜಮಾನಿಕೆ ಎನ್ನಬೇಕು?

ಇನ್ನೊಂದು ವಿಷಯ. ನಮ್ಮ ಕಡೆ ಧಣಿಯನ್ನು ಪ್ರಶ್ನಿಸುವ ದಾರಿ ಮೊದಲಿನಿಂದಲೂ ಉಂಟು. ನೇಮದ (ಭೂತಕೋಲದ) ರಾತ್ರಿ ದೈವ ಗುತ್ತಿನ ಯಜಮಾನನನ್ನೇ ಎದುರಿಗೆ ಕರೆದು ನ್ಯಾಯ ಕೇಳುತ್ತದೆ. ಕಲ್ಕುಡನ ಪಾಡ್ದನ (ತುಳು ಹಾಡುಗತೆ) ಎಲ್ಲರಿಗೂ ಗೊತ್ತಿರುವುದೇ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಕಲ್ಕುಡ ಬೇರೆಲ್ಲೂ ಅಂಥದ್ದು ಮಾಡಬಾರದೆಂದು ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಅವನೂ ಅವನ ತಂಗಿಯೂ ದೈವಗಳಾಗಿ ಕಾರ್ಕಳಕ್ಕೆ ಬೆಂಕಿ ಇಟ್ಟರು. 1432ರಲ್ಲಿ ನಿಂತ ಆ ಮೂರ್ತಿಯನ್ನು ನೋಡುವ ತುಳುವರು ಅರಸನ ಜೊತೆ ಕಲ್ಕುಡನನ್ನೂ ನೆನೆಯುತ್ತಾರೆ. ಪ್ರತಿಭಟನೆಯನ್ನು ಒಡಲಲ್ಲೇ ಇಟ್ಟುಕೊಂಡು ಬಾಳಿದ ಸಮಾಜ ನಮ್ಮದು. ಎಲ್ಲವನ್ನೂ ಕಿತ್ತು ಹಾಕಿದರೆ ಮಾತ್ರ ಸ್ವಾತಂತ್ರ್ಯ ಎಂಬುದನ್ನು ನಾನು ಒಪ್ಪಲಾರೆ.

ಉಡುಪಿ ವಕೀಲೆ:
ಮೇಷ್ಟ್ರೇ, ಆಟಿಯಲ್ಲಿ ಮುಡಿ ಬಿಚ್ಚಿದ್ದು ನಿಜ, ಅಲ್ಲಗಳೆಯುವುದಿಲ್ಲ. ಮೂಲಗೇಣಿ, ಚಾಲಗೇಣಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಣ್ಣು ಒಂದೇ, ಬೆಳೆ ಒಂದೇ, ಎಷ್ಟೋ ಕಡೆ ಧಣಿಯೂ ಒಬ್ಬರೇ. ಮೂಲಗೇಣಿಯವನ ಹಕ್ಕು ಶಾಶ್ವತ, ಗೇಣಿ ನಿಗದಿ. ಚಾಲಗೇಣಿಯವನದು ವರ್ಷದಿಂದ ವರ್ಷಕ್ಕೆ ನಡೆಯುವ ವ್ಯವಹಾರ. ಧಣಿ ಇಬ್ಬರನ್ನೂ ಎಬ್ಬಿಸಲಿಲ್ಲ ಎಂದಿಟ್ಟುಕೊಳ್ಳೋಣ. ಆದರೂ ಚಾಲಗೇಣಿಯವನು ಅಡಿಕೆ ಸಸಿ ನೆಡುವ ಮೊದಲು ಧಣಿಯ ಮುಖ ನೋಡಬೇಕಿತ್ತು. ಅವನ ಮಗ ಶಾಲೆಗೆ ಹೋಗುವುದೂ, ಅವನು ಯಾರಿಗೆ ಓಟು ಹಾಕುತ್ತಾನೆ ಎಂಬುದೂ ಆ ಮುಖದ ಮೇಲೆಯೇ ನಿಂತಿತ್ತು. ಯಾರೂ ಅವನಿಗೆ ಬೇಡ ಅನ್ನಲಿಲ್ಲ, ಅನ್ನುವ ಅಗತ್ಯವೇ ಬೀಳಲಿಲ್ಲ.

1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಬಂತು, ಗೇಣಿಯ ಭೂಮಿ ಸರಕಾರಕ್ಕೆ ಸೇರಿತು, ಉಳುವವನೇ ಒಡೆಯ ಎಂದಾಯಿತು. ಆದರೆ ಭೂಮಿ ತನ್ನಷ್ಟಕ್ಕೆ ಒಕ್ಕಲಿನ ಹೆಸರಿಗೆ ಬರಲಿಲ್ಲ. 7ನೇ ನಮೂನೆಯಲ್ಲಿ ಡಿಕ್ಲರೇಶನ್, ಅಂದರೆ ನಾನೇ ಒಕ್ಕಲು ಎಂಬ ಅರ್ಜಿ, ಕೊಡಬೇಕಿತ್ತು. ಅಂದರೆ ತಲೆಮಾರಿನಿಂದ ಅಂಗಳದಲ್ಲಿ ನಿಂತು ಮಾತಾಡಿದವನು ಕಾಗದದ ಮೇಲೆ ಧಣಿಯ ಎದುರು ನಿಲ್ಲಬೇಕು. ನನ್ನ ಹಿರಿಯ ವಕೀಲರ ಕಪಾಟಿನಲ್ಲಿ ಅಂಥದ್ದೊಂದು ಕಡತ ನೋಡಿದ್ದೇನೆ. ಮೊದಲು ಡಿಕ್ಲರೇಶನ್. ಅದರ ಹಿಂದೆಯೇ, "ತಪ್ಪು ತಿಳುವಳಿಕೆಯಿಂದ ಅರ್ಜಿ ಸಲ್ಲಿಸಿದ್ದು, ನನಗೆ ಯಾವ ಹಕ್ಕೂ ಇಲ್ಲ" ಎಂಬ ಇನ್ನೊಂದು ಕಾಗದ. ಅಕ್ಷರ ಉರುಟಾಗಿ, ಓದು ಬಲ್ಲವರದ್ದು. ಕೆಳಗೆ ಹೆಬ್ಬೆಟ್ಟು. ಹೊಡೆದು ಒತ್ತಿಸಿದ್ದೆಂದು ನನಗೆ ಅನ್ನಿಸುವುದಿಲ್ಲ. ಕರೆದು ಕೂರಿಸಿ ಬೆಲ್ಲ-ನೀರು ಕೊಟ್ಟು ಒತ್ತಿಸಿದ್ದಿರಬಹುದು. 1979ರ ಜೂನ್ 30ಕ್ಕೆ ಗಡುವು ಮುಗಿಯಿತು. ಹೆದರಿದವರು, ನಾಚಿದವರು, "ಅನ್ನ ಕೊಟ್ಟವರ ಮೇಲೆ ಹೇಗೆ ಹಾಕುವುದು" ಎಂದವರು ಹಾಗೇ ಉಳಿದರು.

ಮಹಾರಾಷ್ಟ್ರದ ಮಹಾಡಿನಲ್ಲೂ ಆದದ್ದು ಇದೇ. ಸಾರ್ವಜನಿಕ ಕೆರೆ-ಬಾವಿಗಳು ಎಲ್ಲರಿಗೂ ತೆರೆದಿರಬೇಕು ಎಂಬ ನಿರ್ಣಯ ಮುಂಬಯಿ ಶಾಸನ ಪರಿಷತ್ತಿನಲ್ಲಿ 1923ರಲ್ಲೇ ಆಗಿತ್ತು. ಚವದಾರ್ ಕೆರೆಯ ನೀರನ್ನು ಅಂಬೇಡ್ಕರ್ ಮತ್ತು ಅವರ ಜೊತೆಗಿದ್ದವರು ಕುಡಿದದ್ದು 1927ರ ಮಾರ್ಚ್ 20ರಂದು. ನಡುವಿನ ವರ್ಷಗಳಲ್ಲಿ ಹಕ್ಕು ಇತ್ತು, ನೀರು ಸಿಗಲಿಲ್ಲ. ಓದುಗರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಎದುರು ನಿಲ್ಲದೆ ಇದ್ದರೆ ಕೊಟ್ಟ ಹಕ್ಕೂ ಕೈಗೆ ಬರುವುದಿಲ್ಲ.

ಸುಳ್ಯದವ:
ಇದಕ್ಕೆ ನಮ್ಮೂರಿನ 1837ರ ದಂಗೆ ಸೇರಿಸಲೇಬೇಕು. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಕೊಡಗಿನ ಅರಸನನ್ನು ಇಳಿಸಿ ಅಮರ ಸುಳ್ಯ, ಪುತ್ತೂರು ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕಟ್ಟಿ ಎಂದರು. ದುಡ್ಡು ಕಾಣದ ರೈತ ಅಡಿಕೆ, ಭತ್ತ ಸಿಕ್ಕಿದ ಬೆಲೆಗೆ ಮಾರಬೇಕಾಯಿತು. ಕೆದಂಬಾಡಿ ರಾಮಯ್ಯ ಗೌಡರಂಥವರು ದಂಡು ಕಟ್ಟಿ ಏಪ್ರಿಲ್ 5ಕ್ಕೆ ಮಂಗಳೂರಿಗೆ ಬಂದು ಬಾವುಟಗುಡ್ಡೆಯಲ್ಲಿ ಕಂಪೆನಿಯ ಬಾವುಟ ಇಳಿಸಿದರು. 13 ದಿನ ಊರು ಅವರ ಕೈಯಲ್ಲಿತ್ತು. ಆಮೇಲೆ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ನೇಣಿಗೆ ಹಾಕಿದರು. ಸೋತರು ನಿಜ. ಆದರೆ ಆ 13 ದಿನ ಅವರು ಸ್ವತಂತ್ರರಲ್ಲ ಎಂದು ಯಾರಾದರೂ ಹೇಳಲಿ. ಎದುರಿಸಿದ ಕ್ಷಣದಲ್ಲೇ ಮನುಷ್ಯ ಸ್ವತಂತ್ರನಾಗುತ್ತಾನೆ, ಗೆಲುವು ಆಮೇಲಿನ ಮಾತು.

ಮುಡಿಪಿನ ಮೇಷ್ಟ್ರು:
ಅವರ ಧೈರ್ಯಕ್ಕೆ ನಾನೂ ಕೈ ಮುಗಿಯುತ್ತೇನೆ. ಆದರೆ ಕಂಪೆನಿಯ ಬಾವುಟ ಇಳಿಸಿ ಏರಿಸಿದ್ದು ಯಾರ ಬಾವುಟ? ಕೊಡಗಿನ ಹಾಲೇರಿ ಅರಸರದ್ದು. ದಂಡಿನ ಮುಂದಿದ್ದ ಕಲ್ಯಾಣಸ್ವಾಮಿ ರಾಜವಂಶದವನು ಎಂದೇ ಜನ ಅವನ ಹಿಂದೆ ಹೊರಟದ್ದು. ಬೇಕಿದ್ದದ್ದು ಒಡೆಯನಿಲ್ಲದ ಬಾಳಲ್ಲ, ತಮ್ಮ ಒಡೆಯ. ಒಬ್ಬರನ್ನು ಎದುರಿಸಿ ಇನ್ನೊಬ್ಬರಿಗೆ ಅಡ್ಡಬೀಳುವುದನ್ನು ಸ್ವಾತಂತ್ರ್ಯ ಎಂದರೆ, ಆ ಮಾತಿಗೆ ಹಿಡಿತವೇ ಇಲ್ಲದಂತಾಗುತ್ತದೆ.

ಡೋಲಿನ ದನಿ:
ಇಷ್ಟು ಹೊತ್ತು ಓದುತ್ತಿದ್ದೆ. ನಾನು ಕೊರಗ ಸಮುದಾಯದವನು. ಇಲ್ಲಿ ಧಣಿ ಇದ್ದಾರೆ, ಒಕ್ಕಲು ಇದ್ದಾರೆ, ಅರಸ ಇದ್ದಾನೆ. ಒಕ್ಕಲಿನ ಗದ್ದೆಗೆ ಇಳಿದವರು ಯಾರೂ ಇಲ್ಲ.

1974ರಲ್ಲಿ ಗೇಣಿ ಕೊಡುತ್ತಿದ್ದವನಿಗೆ ಭೂಮಿ ಬಂತು, ಒಳ್ಳೆಯದಾಯಿತು. ಆ ಗದ್ದೆಯಲ್ಲಿ ನೇಜಿ ನೆಟ್ಟ, ಗೊಬ್ಬರ ಹೊತ್ತ, ತಲೆಮಾರಿನಿಂದ ಜೀತಕ್ಕಿದ್ದ ಮೂಲದ ಆಳುಗಳಿಗೆ ಕೊಡಲಿಕ್ಕೆ ಗೇಣಿಯೇ ಇರಲಿಲ್ಲ, ಹಾಗಾಗಿ ಡಿಕ್ಲರೇಶನ್ ಹಾಕುವ ಪ್ರಶ್ನೆಯೂ ಇಲ್ಲ. ನಮ್ಮವರಿಗೆ ನಿನ್ನೆಯ ಒಕ್ಕಲು ಮರುದಿನ ಧಣಿಯಾದ. ಓದುಗರೇ, ನಿಮ್ಮ ದೊಡ್ಡಪ್ಪನ ಬಾವಿಯಿಂದ ನಮ್ಮವರು ನೀರು ಸೇದುತ್ತಿದ್ದರೇ? ಬೇಸರ ಮಾಡಬೇಡಿ, ಉತ್ತರ ಗೊತ್ತಿಲ್ಲದೆ ಕೇಳುತ್ತಿಲ್ಲ.

ಮೇಷ್ಟ್ರು ನೇಮದ ಮಾತು ಎತ್ತಿದರು. ರಾತ್ರಿಯಿಡೀ ಗುತ್ತಿನ ಯಜಮಾನ ದೈವದ ಎದುರು ಕೈ ಮುಗಿದು ನಿಲ್ಲುತ್ತಾನೆ. ಬೆಳಿಗ್ಗೆ ಅಣಿ ಬಿಚ್ಚಿ ಮುಖದ ಬಣ್ಣ ತೊಳೆದ ಮೇಲೆ ಆ ದೈವ ಕಟ್ಟಿದ ಮನುಷ್ಯ ಅಂಗಳದ ಯಾವ ಮೂಲೆಯಲ್ಲಿ ಕೂತು, ಯಾವ ಎಲೆಯಲ್ಲಿ ಊಟ ಮಾಡುತ್ತಿದ್ದ? ದೈವದ ಮೇಲಿನ ನಂಬಿಕೆ ನನಗೂ ಉಂಟು. ಆದರೆ ದೈವಕ್ಕಿದ್ದ ಮಾತು ದೈವ ಕಟ್ಟಿದವನಿಗೆ ಇರಲಿಲ್ಲ.

ಇನ್ನು ಅಜಲು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ರೋಗ, ಅನಿಷ್ಟ ಕಳೆಯಲೆಂದು ಅನ್ನಕ್ಕೆ ಉಗುರು, ಕೂದಲು ಬೆರೆಸಿ ಕೊರಗರಿಗೆ ತಿನ್ನಿಸುವುದು. ಕಂಬಳದ ಹಿಂದಿನ ರಾತ್ರಿ ಪನಿ ಕುಲ್ಲುನಿ ಎಂದು ಗದ್ದೆ ಬದಿಯಲ್ಲಿ ಮಂಜಿಗೆ ಮೈಯೊಡ್ಡಿ ಬೆಳಗಿನವರೆಗೆ ಕೂತು ಡೋಲು ಬಡಿಯುವುದು. ಇದನ್ನೆಲ್ಲ ಮಾಡಿಸಿದವರು ಗದರಿಸಲಿಲ್ಲ. ಅಕ್ಕಿ, ಎಣ್ಣೆ, ತೆಂಗಿನಕಾಯಿ ಕೊಟ್ಟು ಪ್ರೀತಿಯಿಂದಲೇ ಕರೆದರು. ಬರುವುದಿಲ್ಲ ಎಂದವರನ್ನೂ ಹೊಡೆಯಲಿಲ್ಲ. ಮರುದಿನದಿಂದ ಕೆಲಸಕ್ಕೆ ಕರೆ ನಿಂತಿತು, ಬುಟ್ಟಿ ಕೊಳ್ಳುವವರು ಕಡಿಮೆಯಾದರು. ಕೊನೆಗೆ 2000ದಲ್ಲಿ ಅಜಲು ನಿಷೇಧ ಕಾಯಿದೆ ಬಂತು. ದೇಶಕ್ಕೆ ಸ್ವಾತಂತ್ರ್ಯ ಬಂದು ಐವತ್ತು ವರ್ಷ ದಾಟಿದ ಮೇಲೆ.

ಕೊಡವೂರಿನ ಓದುಗ:
ಬಾವಿಯ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಸೇದುತ್ತಿರಲಿಲ್ಲ. ಮನೆಯವರು ಮೇಲಿನಿಂದ ಹೊಯ್ದು ಕೊಡುತ್ತಿದ್ದರು. ಹಾಗಾದರೆ ಯಜಮಾನಿಕೆಯನ್ನು ಎದುರಿಸಿದ ಮಾತ್ರಕ್ಕೆ ಸ್ವಾತಂತ್ರ್ಯ ಬರುವುದಿಲ್ಲ ಎಂಬುದರಲ್ಲಿ ಮೇಷ್ಟ್ರೂ ಡೋಲಿನ ದನಿಯವರೂ ಬೇರೆ ಬೇರೆ ದಾರಿಯಲ್ಲಿ ಒಂದೇ ಕಡೆಗೆ ಬಂದಿದ್ದಾರೆ. ಮೇಷ್ಟ್ರು ಅದರಿಂದ "ಎದುರಿಸಬೇಕಾಗಿಲ್ಲ" ಎಂಬಲ್ಲಿಗೆ ಹೋಗುತ್ತಾರೆ, ಇವರು "ಇನ್ನೂ ಕೆಳಗಿನವರೆಗೆ ಎದುರಿಸಿ" ಎಂಬಲ್ಲಿಗೆ. ನನಗೆ ಎರಡನೆಯದೇ ಸರಿ ಕಾಣುತ್ತದೆ.

ಸುರತ್ಕಲ್ ಬೀಡಿ ಅಕ್ಕ:
ದೊಡ್ಡ ದೊಡ್ಡ ಮಾತು ನನಗೆ ಬರುವುದಿಲ್ಲ. ನಾನು ಮೂವತ್ತು ವರ್ಷದ ಮೇಲೆ ಬೀಡಿ ಕಟ್ಟಿದವಳು. ಮನೆಯಲ್ಲೇ ಕೂತು ಕೆಲಸ, ಮೇಲೆ ನಿಂತು ನೋಡುವವರು ಯಾರೂ ಇಲ್ಲ, ಬೇಕಾದಾಗ ಕಟ್ಟಿದರಾಯಿತು. ಹೊರಗಿನವರಿಗೆ ಇದು ಸ್ವಾತಂತ್ರ್ಯದ ಹಾಗೇ ಕಾಣುತ್ತದೆ. ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಿ ನೋಡಬೇಕು. ಚೆಕ್ ಮಾಡುವವನು ಕಟ್ಟು ಬಿಚ್ಚಿ ಎರಡು ಬೆರಳಲ್ಲಿ ಒತ್ತಿ ನೋಡುತ್ತಾನೆ, ಸರಿಯಿಲ್ಲ ಎಂದು ಬದಿಗೆ ಎಸೆಯುತ್ತಾನೆ. ಎಲೆ ಕೊಟ್ಟದ್ದೇ ತೂತು ಬಿದ್ದದ್ದು, ಬೀಡಿ ಕಡಿಮೆಯಾದರೆ ನಮ್ಮ ಲೆಕ್ಕಕ್ಕೆ. ಬಾಯಿ ಬಿಟ್ಟರೆ ಮುಂದಿನ ವಾರ ಎಲೆ ಇಲ್ಲ. ಹಾಗಂತ ಅವನೂ ಹೇಳುವುದಿಲ್ಲ, ನಾವೇ ಅರ್ಥ ಮಾಡಿಕೊಳ್ಳುತ್ತೇವೆ. ಒಂದು ಸಲ ಯೂನಿಯನಿನವರ ಮಾತು ಕೇಳಿ ನಾವು ಹೆಂಗಸರೆಲ್ಲ ಒಟ್ಟಿಗೆ ಬ್ರಾಂಚಿನ ಜಗಲಿಯಲ್ಲಿ ಕೂತೆವು. ಎಸೆದ ಬೀಡಿ ನಮ್ಮೆದುರು ಎಣಿಸಿ, ಯಾಕೆ ಎಸೆದದ್ದು ಹೇಳಿ ಎಂದೆವು. ಮಜೂರಿ ಒಂದು ಪೈಸೆ ಹೆಚ್ಚಾಗಲಿಲ್ಲ. ಆದರೆ ಅಂದಿನಿಂದ ಎಸೆಯುವ ಮೊದಲು ಅವನು ನಮ್ಮ ಮುಖ ನೋಡಲಿಕ್ಕೆ ಶುರು ಮಾಡಿದ.

ಸ್ಟೇಟ್‌ಬ್ಯಾಂಕ್ ಬಸ್:
ನಾನು ಡಿಗ್ರಿ ಓದುತ್ತಿದ್ದೇನೆ, ಮಂಗಳೂರಿನಲ್ಲಿ. ಬೀಡಿ ಅಕ್ಕ ಹೇಳಿದ "ನಾವೇ ಅರ್ಥ ಮಾಡಿಕೊಳ್ಳುತ್ತೇವೆ" ಎಂಬುದು ನನ್ನದೂ ಕತೆ. ನನ್ನನ್ನು ಇವತ್ತಿನವರೆಗೆ ಯಾರೂ ತಡೆದಿಲ್ಲ. ಆದರೆ ಬೇರೆ ಧರ್ಮದ ಕ್ಲಾಸ್‌ಮೇಟ್ ಜೊತೆ ಸ್ಟೇಟ್‌ಬ್ಯಾಂಕ್ ಸ್ಟಾಪಿನಲ್ಲಿ ಬಸ್ ಹತ್ತಿದರೆ ಪಂಪ್‌ವೆಲ್ ಬರುವ ಮೊದಲೇ ನಾನು ಸೀಟು ಬದಲಿಸುತ್ತೇನೆ. ಯಾರೋ ಮೊಬೈಲ್ ಎತ್ತಿದರೆ ಫೋಟೋ ತೆಗೆಯುತ್ತಿದ್ದಾರೋ ಎಂದು ಎದೆ ಹೊಡೆದುಕೊಳ್ಳುತ್ತದೆ. 2009ರ ಜನವರಿ 24ರಂದು ಇಲ್ಲಿನ ಪಬ್ಬಿನಲ್ಲಿ ಹುಡುಗಿಯರನ್ನು ಅಟ್ಟಿಸಿಕೊಂಡು ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. 2018ರಲ್ಲಿ ಸಾಕ್ಷ್ಯ ಸಾಲದೆ ಆರೋಪಿಗಳು ಖುಲಾಸೆಯಾದರು. ನಾನು ಆಗ ಚಿಕ್ಕವಳು, ನನಗೆ ಯಾರೂ ಹೊಡೆದಿಲ್ಲ, ಆದರೂ ನನ್ನ ಸೀಟನ್ನು ಆ ದಿನ ಇವತ್ತಿಗೂ ಬದಲಿಸುತ್ತಿದೆ. ಬರ್ಲಿನ್ ಅವರ ಲೆಕ್ಕದಲ್ಲಿ ನಾನು ಸ್ವತಂತ್ರಳೇ?

ಮುಡಿಪಿನ ಮೇಷ್ಟ್ರು:
ತಂಗೀ, ನಿನ್ನ ಪ್ರಶ್ನೆಗೆ ನನ್ನಲ್ಲಿ ಉತ್ತರ ಒಂದೇ: ಅಲ್ಲ. ಇಲ್ಲಿ ಮಾತ್ರ ನಾನು ವಕೀಲರ ಪಕ್ಷ. ಆದರೆ ನನ್ನ ಮೂಲ ಆಕ್ಷೇಪ ಹಾಗೇ ಉಂಟು. ಎದುರಿಸಲು ಸಂಘ ಬೇಕು, ಸಂಘಕ್ಕೆ ಮುಂದಾಳು ಬೇಕು, ಆ ಮುಂದಾಳು ನಾಳೆ ಧಣಿಯಾಗುವುದನ್ನು ನಮ್ಮ ಜಿಲ್ಲೆಯಲ್ಲಿ ಸಾಕಷ್ಟು ಕಂಡಿದ್ದೇನೆ. ಇನ್ನೊಂದು, ಡೋಲಿನ ದನಿಯವರಿಗೆ: ಹಿರಿಯರೊಬ್ಬರು ತಾನಾಗಿ, ಭಕ್ತಿಯಿಂದ ಕಂಬಳಕ್ಕೆ ಡೋಲು ಹಿಡಿದು ಹೋಗುತ್ತೇನೆ ಎಂದರೆ ಕಾಯಿದೆ ಅವರ ಸ್ವಾತಂತ್ರ್ಯಕ್ಕೇ ಅಡ್ಡ ಬಂದ ಹಾಗಾಗಲಿಲ್ಲವೇ?

ಉಡುಪಿ ವಕೀಲೆ:
ಮುಂದಾಳು ಧಣಿಯಾಗುತ್ತಾನೆ ಎಂಬ ಭಯ ನ್ಯಾಯವಾದದ್ದೇ. ಅದಕ್ಕೆ ಮದ್ದು, ಬೀಡಿ ಅಕ್ಕ ಬ್ರಾಂಚಿನವನಿಗೆ ಕೇಳಿದ ಪ್ರಶ್ನೆಯನ್ನು ಯೂನಿಯನಿನವರಿಗೂ ಕೇಳುವುದು: ನಮ್ಮೆದುರು ಎಣಿಸಿ, ಕಾರಣ ಹೇಳಿ. ಹಾಗೆ ಕೇಳಿದವಳ ಕೆಲಸ ಹೋಗಬಾರದು, ಅಷ್ಟನ್ನು ಕಾಯಿದೆ ನೋಡಿಕೊಳ್ಳಬೇಕು. ಅಜಲಿನ ಕಾಯಿದೆಯ ಬಗ್ಗೆ ಅವರೇ ಹೇಳಲಿ.

ಡೋಲಿನ ದನಿ:
ಹೇಳುತ್ತೇನೆ. ನಾವು ಡೋಲು ಬಿಟ್ಟಿಲ್ಲ ಮೇಷ್ಟ್ರೇ. ನಮ್ಮ ಮದುವೆಗೆ ಬಡಿಯುತ್ತೇವೆ, ನಮ್ಮ ಹಬ್ಬಕ್ಕೆ ಬಡಿಯುತ್ತೇವೆ, ನಮ್ಮ ಮಕ್ಕಳು ವೇದಿಕೆ ಹತ್ತಿ ಬಡಿಯುತ್ತಾರೆ. ಕಾಯಿದೆ ಮುಚ್ಚಿದ್ದು "ನೀನು ಬರಲೇಬೇಕು, ಇದು ನಿನ್ನ ಜಾತಿಯ ಕರ್ತವ್ಯ" ಎನ್ನುವವನ ಬಾಯಿಯನ್ನು. ಹಿರಿಯರು ತಾನಾಗಿ ಹೋದರು ಎಂದಿರಿ. ಹೋಗದೆ ಇದ್ದಿದ್ದರೆ ಮರುವಾರ ಅವರಿಗೆ ಕೆಲಸ ಇರುತ್ತಿತ್ತೇ ಎಂದು ಮೊದಲು ವಿಚಾರಿಸಿ. ಇರುತ್ತಿತ್ತು ಎಂದಾದರೆ ಅವರ ಭಕ್ತಿಯನ್ನು ನಾನು ಪ್ರಶ್ನಿಸುವುದಿಲ್ಲ.

ನಮ್ಮ ಕಾಲನಿಯ ತಂಡಕ್ಕೆ ಈಗಲೂ ಕರೆ ಬರುತ್ತದೆ. ಗೌರವಧನ ಎಷ್ಟು, ಎಷ್ಟು ಹೊತ್ತು, ಊಟ ಎಲ್ಲರ ಸಾಲಿನಲ್ಲೋ ಬೇರೆಯೋ, ಇಷ್ಟನ್ನು ಫೋನಿನಲ್ಲೇ ಕೇಳುತ್ತೇವೆ. ಸರಿ ಬಂದರೆ ಹೋಗುತ್ತೇವೆ. ಗದ್ದೆ ಬದಿಯಲ್ಲಿ ರಾತ್ರಿ ಕೂರಬೇಕು ಎಂದರೆ ಬರುವುದಿಲ್ಲ ಎಂದು ಹೇಳಿ ಫೋನ್ ಇಡುತ್ತೇವೆ.