ಸಹಾಯ ಬೇಕು: ಹಿಂಗಾಲು ಸೋತ ನಾಯಿಗೆ ಫಿಸಿಯೋಥೆರಪಿ, ಶಿವಮೊಗ್ಗ ಸುತ್ತಮುತ್ತ

ಎಲ್ಲರಿಗೂ ನಮಸ್ಕಾರ. ನಮ್ಮ ಚಿನ್ನು 6 ವರ್ಷದ ಡ್ಯಾಶ್‌ಹಂಡ್. ಎರಡು ತಿಂಗಳ ಹಿಂದೆ ಸೋಫಾದಿಂದ ಹಾರಿದವಳು ಕುಂಯ್ ಅಂತ ಅಲ್ಲೇ ಕೂತಳು, ಮಾರನೇ ದಿನ ಬೆಳಿಗ್ಗೆ ನೋಡಿದರೆ ಹಿಂಗಾಲು ಎರಡೂ ನೆಲಕ್ಕೆ ಎಳೆದುಕೊಂಡು ಅಡುಗೆಮನೆಗೆ ಬರುತ್ತಿದ್ದಾಳೆ. ಬೆನ್ನಿನ ಡಿಸ್ಕ್ ಜಾರಿ ನರ ಒತ್ತುತ್ತಿದೆ ಎಂದರು ಡಾಕ್ಟರು. ಉದ್ದ ಬೆನ್ನು, ಗಿಡ್ಡ ಕಾಲಿನ ಈ ತಳಿಗೆ ಇದು ಜಾಸ್ತಿ. ಮೊದಲೇ ಗೊತ್ತಿದ್ದರೆ ಸೋಫಾ ಹತ್ತಲು ಬಿಡುತ್ತಲೇ ಇರಲಿಲ್ಲ.

ಬೆರಳ ಸಂದಿ ಒತ್ತಿದರೆ ತಿರುಗಿ ನೋಡುತ್ತಾಳೆ, ನೋವು ಗೊತ್ತಾಗುತ್ತಿದೆ, ಅಂದರೆ ನರ ಪೂರ್ತಿ ಕೆಟ್ಟಿಲ್ಲ, ಹಾಗಾಗಿ ಆಪರೇಷನ್ ಇಲ್ಲದೆ ಆರು ವಾರ ಪೂರ್ತಿ ಬೋನಿನಲ್ಲಿ ರೆಸ್ಟ್ ಕೊಟ್ಟೆವು. ಈಗ ಡಾಕ್ಟರು ಹೇಳಿಕೊಟ್ಟಂತೆ ಮಲಗಿಸಿ ಒಂದೊಂದೇ ಕಾಲು ನಿಧಾನವಾಗಿ ಮಡಚಿ ಬಿಡಿಸುತ್ತೇನೆ, ಹೊಟ್ಟೆ ಕೆಳಗೆ ಟವೆಲ್ ಹಾಕಿ ಎತ್ತಿ ನಿಲ್ಲಿಸುತ್ತೇನೆ. ನಿಲ್ಲುತ್ತಾಳೆ, ಆದರೆ ಪಾದ ಹಿಂದಕ್ಕೆ ಮಡಚಿಕೊಂಡು ಬೆರಳಿನ ಮೇಲ್ಭಾಗವೇ ನೆಲಕ್ಕೆ ತಾಗುತ್ತೆ, ಉಗುರಿನ ಪಕ್ಕ ಚರ್ಮ ಕೆತ್ತಿಹೋಗಿದೆ. ಟೈಲ್ಸ್ ಮೇಲೆ ಜಾರದ ಹಾಗೆ ಯೋಗ ಮ್ಯಾಟ್ ಹಾಸಿದ್ದೇವೆ.

ನೀರಿನೊಳಗಿನ ಟ್ರೆಡ್‌ಮಿಲ್ ಒಳ್ಳೆಯದು ಅಂತಾರೆ, ನೀರು ಮೈಭಾರ ಹೊರುತ್ತೆ ಅಲ್ವಾ. ಆದರೆ ವಾರಕ್ಕೆ ಎರಡು ಸಲ ಬೆಂಗಳೂರಿಗೆ 300 ಕಿ.ಮೀ. ಕಾರಿನಲ್ಲಿ ಕುಲುಕಿಸಿಕೊಂಡು ಹೋಗುವುದು ಅವಳ ಬೆನ್ನಿಗೆ ಸರಿಯಾ? ಶಿವಮೊಗ್ಗ, ದಾವಣಗೆರೆ ಕಡೆ ನಾಯಿಗೆ ಫಿಸಿಯೋ ಮಾಡುವವರು ಗೊತ್ತಾ? ಹಿಂಗಾಲಿಗೆ ಆಸರೆಯಾಗುವ ಗಾಲಿ ಗಾಡಿ ಕಟ್ಟಿದರೆ ಕಾಲು ಊರುವುದನ್ನೇ ಬಿಟ್ಟುಬಿಡುತ್ತಾಳೆ ಎಂಬ ಭಯವೂ ಇದೆ. ಇಂಥ ನಾಯಿಯನ್ನು ನೋಡಿಕೊಂಡವರು ದಯವಿಟ್ಟು ಹೇಳಿ. ನಿನ್ನೆ ನನ್ನ ಮಗಳು ಸ್ಕೂಲಿಂದ ಬಂದಾಗ ಚಿನ್ನು ಬಾಲ ಸ್ವಲ್ಪ ಅಲ್ಲಾಡಿಸಿದಳು.