ಪತಂಗವೋ, ಇರುಳು ಚಿಟ್ಟೆಯೋ? ಬೋರ್ಡಿಗೆ ಪದ ಬೇಕು, ಅರ್ಜೆಂಟ್

ಎಲ್ಲರಿಗೂ ನಮಸ್ಕಾರ. ನಮ್ಮ ಲೇಔಟಿನ ಪಾರ್ಕಲ್ಲಿ ರಾತ್ರಿ ಬಿಳಿ ಬಟ್ಟೆ ಕಟ್ಟಿ ಲೈಟ್ ಬಿಟ್ಟು, ಬಂದು ಕೂರೋ ಮಾಥ್‌ಗಳನ್ನ ಮಕ್ಕಳಿಗೆ ತೋರಿಸ್ತಿದೀವಿ. ಬೋರ್ಡು ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗ್ಬೇಕು. ಬಟರ್‌ಫ್ಲೈಗೆ ಚಿಟ್ಟೆ ಸರಿ, ಮಾಥ್‌ಗೆ ಏನು ಬರೆಯೋದು? ಪುಸ್ತಕದಲ್ಲಿ ಪತಂಗ ಅಂತಿದೆ, ಕಮಿಟಿಯವ್ರು 'ಇರುಳು ಚಿಟ್ಟೆ' ಮಾಡಿ ಅಂತಿದಾರೆ.

---

ಪತಂಗ ಯಾಕ್ರೀ ಬೇಕು? ಸಂಸ್ಕೃತದಾಗ ಅದು ಹಕ್ಕಿನೂ ಹೌದು, ಮಿಡತಿನೂ ಹೌದು, ಸೂರ್ಯನೂ ಹೌದು, ಮ್ಯಾಲೆ ಹಾರೂದೆಲ್ಲಾ ಪತಂಗ! ನಮ್ಮ ಕಡೆ ಪಾತರಗಿತ್ತಿ ಅಂತ ಅಚ್ಚಗನ್ನಡ ಪದ ಐತಿ. 'ಇರುಳು ಪಾತರಗಿತ್ತಿ' ಅಂತ ಬರೀರಿ, ಮುಗೀತು.

---

ಮುಗಿಯಲಿಲ್ಲ ಸರ್. ಪಾತರ ಅಂದ್ರೆ ಕುಣಿಯೋಳು, ಅದು ಸಂಸ್ಕೃತದ ಪಾತ್ರದ ತದ್ಭವ, ಅಚ್ಚಗನ್ನಡ ಅನ್ನೋ ವಾದ ಅಲ್ಲೇ ಬಿತ್ತು. ಬೋರ್ಡು ಲೈಟು ಪ್ರಿಂಟು ಎಲ್ಲಾ ಸುಮ್ನೆ ಒಳಗ್ ಬಿಟ್ಕೊಂಡು ನೂರಾರು ವರ್ಷದಿಂದ ಕನ್ನಡದಲ್ಲೇ ಇರೋ ಪತಂಗವನ್ನ ಬಾಗಿಲಲ್ಲಿ ತಡೆಯೋದು ಯಾವ ನ್ಯಾಯ?

ಇನ್ನು 'ಇರುಳು' ಅನ್ನೋದು ವಿಷಯಕ್ಕೇ ತಪ್ಪು. ಹಮ್ಮಿಂಗ್‌ಬರ್ಡ್ ಹಾಕ್‌ಮಾಥ್ ಅಂತ ಒಂದಿದೆ, ಸುಡು ಬಿಸಿಲಲ್ಲಿ ಹೂವಿನ ಮುಂದೆ ಗಾಳೀಲೇ ನಿಂತು ಉದ್ದ ಸೊಂಡಿಲು ಚಾಚಿ ಮಕರಂದ ಹೀರುತ್ತೆ, ರೆಕ್ಕೆ ಕಣ್ಣಿಗೇ ಕಾಣಲ್ಲ, ಒಂದ್ಸಲ ನೋಡಿದೋರು ಅದನ್ನ ಮರೆಯಲ್ಲ. ಅತ್ಲಾಗೆ ಈವ್ನಿಂಗ್ ಬ್ರೌನ್ ಅನ್ನೋ ಒಣಗೆಲೆ ಬಣ್ಣದ ಚಿಟ್ಟೆ ಮುಸ್ಸಂಜೇಲಿ ಹಾರಾಡಿ ಮನೆ ಟ್ಯೂಬ್‌ಲೈಟಿಗೂ ಬರುತ್ತೆ. ಹಗಲು ರಾತ್ರಿ ನೋಡಿ ಹೆಸರಿಟ್ರೆ ಮಕ್ಕಳು ಎರಡನ್ನೂ ತಪ್ಪು ಗುರುತಿಸ್ತಾರೆ. ಮೀಸೆ ನೋಡೋಕೆ ಕಲಿಸಿ. ಚಿಟ್ಟೆ ಮೀಸೆ ತುದಿ ಬೆಂಕಿಕಡ್ಡಿ ತಲೆ ಥರ ಉಬ್ಬಿರುತ್ತೆ, ಪತಂಗದ್ದು ಸಾಮಾನ್ಯವಾಗಿ ಬರೀ ಎಳೆ, ಇಲ್ಲಾ ಗರಿಗರಿ.

---

ರಾಮನಗರದ ಕಡೆ ರೇಷ್ಮೆಯೋರು ಗೂಡು ತೂತು ಮಾಡ್ಕೊಂಡು ಆಚೆ ಬರೋದನ್ನ ಚಿಟ್ಟೆ ಅಂತಲೇ ಅನ್ನೋದು. ಅದು ಮಾಥ್ ತಾನೆ? ಅವರ ಬಾಯಲ್ಲಿರೋದು ತಪ್ಪಾ ಹಂಗಾದ್ರೆ?

---

ತಪ್ಪು ಅಂತ ಯಾರಂದ್ರು? ಆಡುಮಾತಲ್ಲಿ ಎರಡಕ್ಕೂ ಚಿಟ್ಟೆ ನಡೆಯುತ್ತೆ. ಇವ್ರ ಬೋರ್ಡಿರೋದೇ ಎರಡನ್ನ ಬೇರೆ ಮಾಡಿ ತೋರ್ಸೋಕೆ, ಅಲ್ಲಿ ನಡೆಯಲ್ಲ.

---

ಎಲ್ಲರಿಗೂ ಥ್ಯಾಂಕ್ಸ್. ಪತಂಗ ಅಂತಲೇ ಹಾಕಿಸ್ತೀನಿ, ಕೆಳಗೆ ಎರಡು ಮೀಸೆ ಚಿತ್ರನೂ ಹಾಕಿಸ್ತೀನಿ. ಇನ್ನೊಂದು, ಹುಳುವಾಗಿದ್ದಾಗ ಕಣಗಿಲೆ ಎಲೆ ತಿನ್ನೋ ಹಸಿರು ಹಾಕ್‌ಮಾಥ್ ನಮ್ಮ ಪಾರ್ಕಿಗೆ ಬರುತ್ತೆ, ಅದಕ್ಕೆ 'ಕಣಗಿಲೆ ಪತಂಗ' ಅನ್ಬಹುದಾ?

---

ಅನ್ರೀ. ಕಣಗಿಲೆಯಾದ್ರೂ ಕನ್ನಡ ಐತಿ.