ಮಗಳಿಗೆ ಕೇಳುವ ಕೀಂ ಸದ್ದು ನನಗೆ ಯಾಕೆ ಕೇಳುತ್ತಿಲ್ಲ?

ನಿದ್ದೆಗೆಟ್ಟ ಅಪ್ಪ:
ರಾತ್ರಿ ಕೋಣೆಯಲ್ಲಿ ಏನೋ ಸಣ್ಣಗೆ ಕೀಂ ಅನ್ನುತ್ತದೆ ಅಂತ 13 ವರ್ಷದ ಮಗಳದ್ದು ವಾರದಿಂದ ಒಂದೇ ಗೋಳು. ನಾನೂ ಹೆಂಡತಿಯೂ ಉಸಿರು ಬಿಗಿಹಿಡಿದು ಕೇಳಿದೆವು, ಏನೂ ಇಲ್ಲ. ನಿನ್ನೆ ಗೋಡೆಯ ಚಾರ್ಜರ್ ಆರಿಸಿದ ತಕ್ಷಣ "ನಿಂತುಹೋಯ್ತು" ಅಂದಳು. ಕಣ್ಣಿಗೆ ಬಟ್ಟೆ ಕಟ್ಟಿ ಹತ್ತು ಸಲ ಪರೀಕ್ಷೆ ಮಾಡಿದೆ, ಹತ್ತೂ ಸಲ ಸರಿಯಾಗಿ ಹೇಳಿದಳು. ನನಗೆ 46. ಕಿವಿ ಕೆಡುತ್ತಿದೆಯಾ?

ಟಿವಿ ರಿಪೇರಿ:
ಸ್ವಿಚ್ಚಿನ ಟಕ್ ಸದ್ದು ಕೇಳಿಯೇ ಹೇಳಿರಬಹುದಲ್ವಾ? ಆದರೂ ಅವಳ ಮಾತನ್ನು ನಂಬುತ್ತೇನೆ. ಹಳೇ ಡಬ್ಬಾ ಟಿವಿಯೂ ಹೀಗೇ ಕೀಂ ಅನ್ನುತ್ತಿತ್ತು. ಅದರ ಚಿತ್ರದಲ್ಲಿ 625 ಗೆರೆ, ಸೆಕೆಂಡಿಗೆ 25 ಚಿತ್ರ, ಗುಣಿಸಿದರೆ 15,625. ಒಳಗಿನ ಟ್ರಾನ್ಸ್‌ಫಾರ್ಮರ್ ಸೆಕೆಂಡಿಗೆ ಅಷ್ಟು ಸಲ ನಡುಗಿ ಸಿಳ್ಳೆ ಹಾಕುತ್ತಿತ್ತು, ವಾಲ್ಯೂಮ್ ಸೊನ್ನೆ ಇದ್ದರೂ ಟಿವಿ ಆನ್ ಇದೆ ಅಂತ ಪಕ್ಕದ ಕೋಣೆಯಿಂದಲೇ ನನಗೆ ಗೊತ್ತಾಗುತ್ತಿತ್ತು. ಆಮೇಲೆ ಯಾವಾಗಲೋ ಅದು ಕೇಳಿಸುವುದು ನಿಂತಿತು. ಸೆಟ್ ಸರಿಯಾಗೇ ಇತ್ತು, ಸವೆದದ್ದು ನಾನು.

ಶಂಖ:
ಮನುಷ್ಯರಿಗೆ ಕೇಳುವುದು 20ರಿಂದ 20,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ನಡುಗುವ ಸದ್ದು) ಅಂತ ಪಾಠದಲ್ಲಿ ಓದುತ್ತೇವಲ್ಲ, ಅದು ಎಳೇ ಕಿವಿಯ ಲೆಕ್ಕ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಕಾಕ್ಲಿಯಾ ಇದೆ. ಕೀರಲು ಸದ್ದು ಹಿಡಿಯುವ ಕೂದಲು ಕೋಶಗಳು ಅದರ ಬಾಗಿಲಲ್ಲೇ ಇರುತ್ತವೆ, ದಪ್ಪ ಸದ್ದಿನವು ಒಳತುದಿಯಲ್ಲಿ. ವಯಸ್ಸಾದಂತೆ ಮೊದಲು ಸಾಯುವುದು ಬಾಗಿಲಿನವು. ಕೋಳಿಗೆ ಅವು ಮತ್ತೆ ಹುಟ್ಟುತ್ತವೆ, ನಮಗಿಲ್ಲ.
ಮಾತು ಅರ್ಥವಾಗಲು 8,000ದವರೆಗೆ ಕೇಳಿದರೆ ಸಾಕು, ಹಾಗಾಗಿ ಗಾಬರಿ ಬೇಡ. ಆದರೆ ಗದ್ದಲದಲ್ಲಿ ಸ, ಶ, ತ ತಪ್ಪಿಹೋಗಿ, ದನಿ ಕೇಳಿದರೂ ಮಾತು ತಿಳಿಯದಿದ್ದರೆ ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅನ್ನೋ ಪರೀಕ್ಷೆ, ಮಾಡಿಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇರುವುದೇ ಇದಕ್ಕೆ.

ನಿದ್ದೆಗೆಟ್ಟ ಅಪ್ಪ:
ಟಕ್ ವಿಷಯ ಹೊಳೆದೇ ಇರಲಿಲ್ಲ! ಈಗ ಪ್ರತಿ ಸಲವೂ ಎರಡು ಮೂರು ಬಾರಿ ಟಕ್ ಟಕ್ ಮಾಡಿ ಕೇಳಿದೆ. ಹತ್ತರಲ್ಲಿ ಒಂಬತ್ತು ಸರಿ. ಫೋನ್ ಆ್ಯಪಿನಲ್ಲಿ 12,000 ನನಗೆ ಕೇಳಿತು, 14,000 ಇಲ್ಲ. ವಾಲ್ಯೂಮ್ ಜಾಸ್ತಿ ಮಾಡಿದೆ, ಮಗಳು ಕಿವಿ ಮುಚ್ಚಿಕೊಂಡು ಓಡಿದಳು.

ಟಿವಿ ರಿಪೇರಿ:
ಹಾಗೆ ಮಾಡಲೇಬೇಡಿ ಸಾರ್, ನಿಮಗೆ ಕೇಳದಿದ್ದರೂ ಆ ಸದ್ದಿನ ಜೋರು ಅವಳ ಕಿವಿಗೆ ಬಡಿಯುತ್ತದೆ. ಫೋನ್ ಸಿಕ್ಕಿಸದೆ ಸುಮ್ನೆ ಬಿಟ್ಟಾಗ ಕೆಲವು ಚಾರ್ಜರ್ ತಡೆತಡೆದು ಕೆಲಸ ಮಾಡುತ್ತವೆ, ಕೀಂ ಜಾಸ್ತಿ ಆಗುವುದು ಆಗಲೇ. ರಾತ್ರಿ ಸ್ವಿಚ್ ಆರಿಸಿ ಮಲಗಿ.